ಒಂದು ಸಿವುಡೂ ಕಡಿಮೆಯಾಗದ ಬಣವೆ

ದನ ಮೇದ ಮೇಲೆಯೇ ಮನೆಯವರು ಉಣ್ಣಬೇಕೆಂದು ಬಾಳವ್ವನ ಅಜ್ಜಿ ಹೇಳುತ್ತಿದ್ದಳು. ಚಿಕ್ಕಂದಿನಲ್ಲಿ ಕೇಳಿದ ಆ ಮಾತನ್ನು ಬಾಳವ್ವ ಎಂದೂ ಮೀರಿದವಳಲ್ಲ. ಆದರೆ ದನಕ್ಕೆ ಮೇವು ಹಾಕುವವನು ಭರಮಪ್ಪನಂಥ ಮಗನಾದರೆ ಮನೆಯವರು ಉಣ್ಣುವುದು ಯಾವಾಗ? ಅದನ್ನು ಅಜ್ಜಿ ಹೇಳಿರಲಿಲ್ಲ.

ಮನೆಯಲ್ಲಿ ಎರಡು ಎತ್ತು, ಈದ ಒಂದು ಎಮ್ಮೆ. ಹಿಂಗಾರಿ ಜೋಳದ ಒಣದಂಟು, ಹೊಸ ಕಣಿಕೆ, ಕೈಗೆ ಬರುವುದು ಯುಗಾದಿಯ ಹೊತ್ತಿಗೆ. ಅಲ್ಲಿಯವರೆಗೆ, ಚಳಿಗಾಲವಿಡೀ, ಹಿತ್ತಲಿನ ಮುಂಗಾರಿ ಕಣಿಕೆಯ ಬಣವೆಯೇ ಆ ಮೂರು ಹೊಟ್ಟೆಗೆ ಆಧಾರ.

ಬಣವೆ ಒಟ್ಟು ಎಂದಳು ತಾಯಿ. ಭರಮಪ್ಪ ಒಟ್ಟಿದ, ಇಬ್ಬನಿಯಲ್ಲಿ ತೊಯ್ದ ಕಣಿಕೆಯ ಕಟ್ಟುಗಳನ್ನು, ಸಿವುಡು ಸಿವುಡನ್ನೂ, ತೊಯ್ದ ಹಾಗೆಯೇ. ವಾರದಲ್ಲಿ ಕಾಲುಭಾಗ ಬೂಷ್ಟು ಹಿಡಿಯಿತು. ಮೇವು ಯಾವುದೇ ಇರಲಿ, ಒಣಗಿಸಿಯೇ ತರಬೇಕೆಂದು ತಾಯಿ ಬೈದಳು. ಹೂಂ ಎಂದ.

ಎಮ್ಮೆಗೆ ಹಸಿಹುಲ್ಲು ಕೊಯ್ದು ತಾ ಎಂದಳು. ಕೊಯ್ದ, ಬದುವಿನ ಮೇಲೆ ಹರವಿ, ಮೂರು ದಿನ ಕಾವಲು ಕುಳಿತು, ಗರಿಗರಿಯಾಗಿ ಒಣಗಿಸಿ ತಂದ. ಎಮ್ಮೆ ಮೂಸಿ ಮುಖ ತಿರುಗಿಸಿತು. ತಿನ್ನುವುದನ್ನು ತಂದ ಕೂಡಲೇ ಬಾಯಿ ಮುಂದೆ ಇಡಬೇಕು, ಕಾಯಿಸಬಾರದು ಎಂದು ತಾಯಿ ಬೈದಳು. ಹೂಂ ಎಂದ.

ಹತ್ತಿಕಾಳಿನ ಚೀಲ ಬಂತು, ದಿನಕ್ಕೊಂದು ಬೊಗಸೆಯಂತೆ ಯುಗಾದಿಯವರೆಗೆ. ತಂದ ಕೂಡಲೇ ಭರಮಪ್ಪ ಇಡೀ ಚೀಲವನ್ನು ಎಮ್ಮೆಯ ಮುಂದೆ ಸುರಿದ. ನೆರೆಯವರು ಬಂದು ಎಮ್ಮೆಯನ್ನು ಎಳೆದು ಕಟ್ಟುವಷ್ಟರಲ್ಲಿ ಅದರ ಹೊಟ್ಟೆ ನಗಾರಿಯಾಗಿತ್ತು. ಎರಡು ದಿನ ಹಾಲಿಲ್ಲ.

ಬಾಳವ್ವ ತಲೆಯ ಮೇಲೆ ಕೈ ಹೊತ್ತು ಕುಳಿತಳು. "ಉಳಿಸೂದು ಕಲಿಯೋ ನನ್ನಪ್ಪಾ. ಯುಗಾದಿ ತನಕಾ ಆ ಬಣವಿ ಉಳೀಬೇಕು. ಮತ್ತೇನೂ ಕೇಳೂದಿಲ್ಲ ನಿನ್ನ."

ಹೂಂ ಎಂದ.

ಸೋಮವಾರ ಬಾಳವ್ವ ಸಂತೆಗೆ ಹೋಗಿ ಬಂದರೆ ಗೋದಲಿ ಬರಿದು, ಗೂಟ ಬರಿದು. ಅಂಗಳದಲ್ಲಿ ಓಣಿಯ ಮಂದಿ ನೆರೆದಿದ್ದರು. ಹೆಂಗಸರ ಬಾಯಿಗೆ ಸೆರಗು ಅಡ್ಡ ಇತ್ತು.

"ದನಾ ಎಲ್ಲೋ?"

"ಅಕ್ಕನ ಊರಿಗೆ ಹೊಡಕೊಂಡು ಹೋಗಿ ಬಿಟ್ಟು ಬಂದೆ, ಯುಗಾದಿ ತನಕಾ. ಇಲ್ಲಿದ್ರ ಬಣವಿ ತಿಂತಾವಲ್ಲ ಯವ್ವಾ. ಇನ್ನ ಒಂದು ಸಿವುಡೂ ಕಡಿಮಿ ಆಗೂದಿಲ್ಲ ನೋಡು."

ನೆರೆಮನೆಯ ಮುದುಕ ಕಲ್ಲಪ್ಪ ಬಣವೆಯನ್ನೊಮ್ಮೆ ಸುತ್ತಿ ಬಂದು, ಹುಡುಗನ ಮಾತಿನಲ್ಲಿ ಸುಳ್ಳೇನಿಲ್ಲ ಎಂದ.

ಬಾಳವ್ವ ಬೈಯಲಿಲ್ಲ. ಬೈದರೆ ಅದರಿಂದಲೂ ಇವನು ಏನಾದರೂ ಕಲಿತಾನೆಂಬ ಭಯ. ಒಳಗೆ ಹೋಗಿ ಎರಡು ಸೀರೆ ಗಂಟು ಕಟ್ಟಿಕೊಂಡು ಬಂದಳು. ಹೊಸ್ತಿಲ ಮೇಲೆ ನಿಂತು, ನೆರೆದವರೆಲ್ಲ ಕೇಳುವಂತೆ ಹೇಳಿದಳು:

"ನಾನೂ ಮಗಳ ಊರಿಗೆ ಹೊಂಟೆ. ಯುಗಾದಿ ತನಕಾ ಇಲ್ಲಿ ಬಣವಿ ಉಳೀಲಿ, ಅಲ್ಲಿ ದನಾ ಉಳೀಲಿ."