ನಾಲ್ಕನೇ ನಂಬರಿನ ನೋಟಿಸು

ಗಂಡ ತೀರಿಕೊಂಡ ಮೇಲೆ ಓಬಳಮ್ಮನಿಗೆ ಹೆದ್ದಾರಿ ಪಕ್ಕದ ಟೀ ಅಂಗಡಿಯೊಂದೇ ಆಸರೆ. ಒಂದು ಬೆಳಗ್ಗೆ ರಸ್ತೆ ಕೆಲಸದ ಸಾಹೇಬರು ಜೀಪಿನಲ್ಲಿ ಬಂದು ನೋಟಿಸು ಚಾಚಿದರು. ಹಿಂದೆಯೇ ಜೆಸಿಬಿ ನಿಂತಿತ್ತು.

“ರಸ್ತೆ ಅಗಲ ಆಗ್ಬೇಕು. ಈಗಲೇ ಖಾಲಿ ಮಾಡು.”

ಓಬಳಮ್ಮ ಕಾಗದವನ್ನು ನಿಧಾನವಾಗಿ ಓದಿದಳು. “ಸ್ವಾಮಿ, ಇದರಲ್ಲಿ ಹೆದ್ದಾರಿ ನಾಲ್ಕರ ಪಕ್ಕದ ಅಂಗಡಿ ಅಂತ ಬರ್ದಿದೀರಿ. ಈ ರಸ್ತೆಗೆ ನಾಲ್ಕು ಅನ್ನೋ ನಂಬರು ಹೋಗಿ ನಲವತ್ತೆಂಟು ಆಗಿ ಎಷ್ಟೋ ವರ್ಷ ಆಯ್ತು. ಬೋರ್ಡು ನೋಡಿ.”

“ಮತ್ತೆ ನಾಲ್ಕು ಎಲ್ಲಿದೆ?”

“ಅಂಡಮಾನಿನಲ್ಲಿದೆಯಂತೆ, ಲಾರಿ ಡ್ರೈವರುಗಳು ಹೇಳ್ತಾರೆ. ಅಲ್ಲಿಗೆ ಹೋಗಿ ಒಡೀರಿ, ನಾನು ಬೇಡ ಅನ್ನಲ್ಲ.”

ಟೀ ಕುಡಿಯುತ್ತಿದ್ದವರೆಲ್ಲ ನಕ್ಕರು. ಸಾಹೇಬರು ಬೋರ್ಡು ನೋಡಿದರು, ಕಾಗದ ನೋಡಿದರು, ಮುಖ ಕೆಂಪಗೆ ಮಾಡಿಕೊಂಡು ಜೆಸಿಬಿಯನ್ನು ವಾಪಸು ಕಳಿಸಿದರು.

ಹತ್ತನೇ ದಿನ ಅವರು ಜೆಸಿಬಿಯೊಂದಿಗೆ ಮತ್ತೆ ಬಂದರು. ಹೊಸ ನೋಟಿಸನ್ನು ಓಬಳಮ್ಮ ಮೂರು ಸಲ ಓದಿದಳು. ನಂಬರು, ಊರು, ಅವಳ ಹೆಸರು, ಎಲ್ಲವೂ ಸರಿಯಾಗಿದ್ದವು.

“ಈ ಸಲ ನಾನೇ ಕೂತು ನೋಡ್ದೆ, ಅಮ್ಮ. ತಪ್ಪಿಲ್ಲ,” ಎಂದರು ಸಾಹೇಬರು ಮೆಲ್ಲಗೆ.

ಓಬಳಮ್ಮ ಸ್ಟವ್ ಆರಿಸಿದಳು. “ರಸ್ತೆಗಾದ್ರೆ ಹಳೇ ನಂಬರು ಹೋದ ಮೇಲೆ ಹೊಸದು ಕೊಟ್ರಿ. ನನಗೇನು ಕೊಡ್ತೀರಿ ಸ್ವಾಮಿ?”

ಸಾಹೇಬರು ಜೆಸಿಬಿಯವನ ಕಡೆ ತಿರುಗಿ, ಮುಂದೆ ಬಾ ಎಂದು ಕೈ ಬೀಸಿದರು.