ಜೇನು ಹಚ್ಚಿದ ಅಕ್ಷರ

ಒಂದು ಕಾಡಲ್ಲಿ ದಾರಿ ಎಲ್ಲೆಲ್ಲಿ ಎರಡಾಗುತ್ತೋ ಅಲ್ಲೆಲ್ಲ ಕಲ್ಲು ನೆಟ್ಟು, ಅದರ ಮೇಲೆ ಒಂದೊಂದು ಅಕ್ಷರ ಕೆತ್ತಿದ್ರು. ‘ನ’ ಅಂತ ಇದ್ರೆ ಆ ದಾರೀಲಿ ನೀರು. ‘ಹ’ ಅಂತ ಇದ್ರೆ ಆ ದಾರೀಲಿ ಹುಲಿ. ಓದಕ್ಕೆ ಬರೋರು ತಾವೇ ಹೋಗಿ ನೀರು ಕುಡ್ಕೊಂಡು ಬರ್ತಿದ್ರು. ಓದಕ್ಕೆ ಬರದ ಮರಿಗಳು ಅಮ್ಮನ ಹಿಂದೆ ಹಿಂದೇನೇ ಸುತ್ಬೇಕಿತ್ತು.

ಅದಕ್ಕೇ ಅಲ್ಲೊಂದು ಪುಟಾಣಿ ಶಾಲೆ ಇತ್ತು. ಟೀಚರ್ ಒಬ್ರು ಮುಳ್ಳುಹಂದಿ, ಹೆಸರು ಸೂಜಮ್ಮ. ಮೈಯೆಲ್ಲ ಮುಳ್ಳು, ಮಾತು ಮಾತ್ರ ಮೆತ್ತಗೆ. ಅವರ ಪಾಠ ಬಲು ನಿಧಾನ. ಒಂದು ಅಕ್ಷರಕ್ಕೆ ಒಂದು ವಾರ! ಮೊದಲು ಮರಳಲ್ಲಿ ಬೆರಳಾಡ್ಸಿ ಬರೀಬೇಕು. ಆಮೇಲೆ ಜೇಡಿಮಣ್ಣನ್ನ ಉದ್ದಕ್ಕೆ ಹೊಸೆದು, ಬಗ್ಗಿಸಿ, ಅದೇ ಅಕ್ಷರ ಮಾಡ್ಬೇಕು. ಕೊನೆಗೆ ಅದರ ಮೇಲೆ ಹುಣಸೆ ಬೀಜ ಸಾಲಾಗಿ ಒತ್ಬೇಕು. ಮಕ್ಕಳು ಮನೆಗೆ ಹೊರಡೋ ಹೊತ್ತಿಗೆ ಮೂತಿಯೆಲ್ಲ ಮಣ್ಣು.

“ಏನ್ ಟೀಚರಮ್ಮ, ನಮ್ಮ ದೊಡ್ಡುಗೆ ಅಕ್ಷರ ಕಲಿಸ್ತಿದೀರೋ, ಕೆಸರಾಟ ಕಲಿಸ್ತಿದೀರೋ?” ಅಂತ ಅಮ್ಮ ಕರಡಿ ದಿನಾ ಕೇಳ್ತಿತ್ತು. ದೊಡ್ಡು ಅಂದ್ರೆ ಅದರ ಮರಿ.

“ಇನ್ನೊಂದು ಸ್ವಲ್ಪ ದಿನ ಕೊಡಿ,” ಅಂತ ಸೂಜಮ್ಮ ತಲೆ ತಗ್ಗಿಸ್ತಿದ್ರು.

ಅಂಥ ಟೈಮಲ್ಲೇ ಗಂಧರಾಜ ಬಂದ. ಅವನೊಂದು ಪುನುಗು ಬೆಕ್ಕು. ಮೀಸೆ ತೀಡ್ಕೊಂಡು, ಕಂಕುಳಲ್ಲಿ ಒಂದು ಟ್ಯಾಬು ಇಟ್ಕೊಂಡು ಬಂದ. ಕಾಡು ನೋಡಕ್ಕೆ ಬಂದ ಯಾರದ್ದೋ ಜೀಪಿಂದ ಬಿದ್ದಿದ್ದು ಅದು. ಬಿಸಿಲಿಗಿಟ್ರೆ ಅದರಷ್ಟಕ್ಕೆ ಚಾರ್ಜ್ ಆಗ್ತಿತ್ತು. “‘ನ’ ಎಲ್ಲಿದೆ? ಮುಟ್ಟಿ ತೋರ್ಸಿ!” ಅಂತ ಚೆಂದದ ದನಿಯಲ್ಲಿ ಕೇಳ್ತಿತ್ತು. ಸರಿಯಾಗಿ ಮುಟ್ಟಿದ್ರೆ ಚಪ್ಪಾಳೆ ಹೊಡೀತಿತ್ತು.

“ಮೂರೇ ದಿನ ಸಾಕು!” ಅಂದ ಗಂಧರಾಜ. “ಮಣ್ಣಿಲ್ಲ, ಮರಳಿಲ್ಲ, ಸ್ನಾನ ಮಾಡ್ಸೋ ತಾಪತ್ರಯ ಇಲ್ಲ. ಮಕ್ಕಳು ಪಾಸಾದ್ರೆ ಟೀಚರಿಗೆ ಕೊಡೋ ಹಣ್ಣಿನ ಬುಟ್ಟಿ ಮಾತ್ರ ನನಗೆ.”

ಅಪ್ಪ ಅಮ್ಮಂದಿರೆಲ್ಲ ಹೂಂ ಅಂದ್ರು. ಸೂಜಮ್ಮನ್ನ ಯಾರೂ ಕೇಳ್ಲಿಲ್ಲ.

ಮೂರನೇ ದಿನ ಎಲ್ರ ಮುಂದೆ ಪರೀಕ್ಷೆ ಆಯ್ತು. ಕರಡಿ ಮರಿ ದೊಡ್ಡು, ಮೊಲದ ಮರಿ ಚಿಟ್ಟಿ, ಕಾಡುಹಂದಿ ಮರಿ ಗುಡುಗ, ಮೂರೂ ತಟ್ಟಂತ ‘ನ’ ಮುಟ್ಟಿದ್ವು. ಟ್ಯಾಬು ಮೂರು ಸಲ ಚಪ್ಪಾಳೆ ಹೊಡೀತು. ಕಾಡಿನ ಹಿರಿಯರಾದ ಆನೆ ಅಜ್ಜಿ ಸೊಂಡಿಲೆತ್ತಿ ಹೇಳಿದ್ರು, “ಭಲೇ ಮಕ್ಕಳಾ! ನಾಳೆ ಬೆಳಿಗ್ಗೆ ನೀವು ನೀವೇ ನೀರಿಗೆ ಹೋಗಿ.”

ಹಣ್ಣಿನ ಬುಟ್ಟಿ ಗಂಧರಾಜನ ಮುಂದೆ ಹೋಯ್ತು. ಸೂಜಮ್ಮ ಖಾಲಿ ಶಾಲೇಲಿ ಒಬ್ರೇ ಕೂತು ಮರಳು ಸಮ ಮಾಡ್ತಿದ್ರು. ಮಧ್ಯಾಹ್ನ ಚಿಟ್ಟಿ ಕುಪ್ಪಳಿಸ್ಕೊಂಡು ಬಂತು.

“ಟೀಚರ್, ಸುಮ್ನೆ ಬಂದೆ. ನಿಮಗೆ ಬೇಜಾರಾಗಿದ್ಯಾ?”

“ಇಲ್ಲ ಪುಟ್ಟಿ. ಬಾ, ಜಾಣೆ ಆಗಿದೀಯಂತೆ! ಇದು ಯಾವ ಅಕ್ಷರ ಹೇಳು ನೋಡೋಣ,” ಅಂತ ಸೂಜಮ್ಮ ಮರಳಲ್ಲಿ ದೊಡ್ಡದಾಗಿ ‘ನ’ ಬರೆದ್ರು.

ಚಿಟ್ಟಿ ಬಗ್ಗಿ ಮೂಸಿ ನೋಡ್ತು. ಆ ಕಡೆ ಮೂಸ್ತು, ಈ ಕಡೆ ಮೂಸ್ತು. “ಗೊತ್ತಾಗ್ತಿಲ್ಲ ಟೀಚರ್. ಇದಕ್ಕೆ ವಾಸನೇನೇ ಇಲ್ಲ!”

“ಅಕ್ಷರಕ್ಕೆ ಎಂಥ ವಾಸನೆಯೇ?”

“ಟ್ಯಾಬಲ್ಲಿ ‘ನ’ ಘಮ್ ಅನ್ನುತ್ತಲ್ಲ! ನೆಕ್ಕಿದ್ರೆ ಸಿಹಿ. ದೊಡ್ಡು ಅಂತೂ ನೆಕ್ಕಿ ನೆಕ್ಕಿ ಖಾಲಿ ಮಾಡ್ತಾನೆ. ಗಂಧರಾಜ ಸರ್ ಮತ್ತೆ ಹಚ್ತಾರೆ.”

ಸೂಜಮ್ಮಗೆ ಆಗ ಹೊಳೀತು. ಜೇನು! ಸರಿಯಾದ ಅಕ್ಷರದ ಮೇಲೆ ಜೇನು ಹಚ್ಚಿದಾನೆ ಇವನು. ಮಕ್ಕಳು ಕಲ್ತಿರೋದು ಅಕ್ಷರಾನ ಅಲ್ಲ, ಜೇನಿನ ವಾಸನೇನ. ನಾಳೆ ಕಲ್ಲಿನ ಮುಂದೆ ನಿಂತು ಏನು ಮಾಡ್ತವೆ?

ಅವರು ಓಡೋಡಿ ಹೋಗಿ ಹಿರಿಯರಿಗೆ ಹೇಳಿದ್ರು. ಅಮ್ಮ ಕರಡಿ ನಕ್ಬಿಡ್ತು. “ಬುಟ್ಟಿ ಹೋಯ್ತಲ್ಲ, ಅದಕ್ಕೆ ಹೊಟ್ಟೆಕಿಚ್ಚು!”

ಆನೆ ಅಜ್ಜಿನೂ ತಲೆ ಅಲ್ಲಾಡ್ಸಿದ್ರು. “ನಮ್ಮ ಕಣ್ಣೆದುರಿಗೇ ಮುಟ್ಟಿ ತೋರ್ಸಿದ್ವಲ್ಲ ಸೂಜಮ್ಮ. ಸರಿ, ನಾಳೆ ಎಲ್ರೂ ಹೋಗೋಣ. ದೂರದಲ್ಲಿ ನಿಂತು ನೋಡೋಣ. ನಡುವೆ ಬಾಯಿ ಹಾಕ್ಬೇಡಿ, ಅಷ್ಟೇ.”

ಸೂಜಮ್ಮ ವಾಪಸ್ ಬಂದ್ರು. ಉಳಿದಿದ್ದು ಒಂದು ಸಂಜೆ, ಒಂದು ಮಗು. ಎಲ್ಲ ಅಕ್ಷರ ಕಲಿಸಕ್ಕೆ ಆಗಲ್ಲ. “ಚಿಟ್ಟಿ, ಇವತ್ತು ‘ಹ’ ಒಂದೇ ಒಂದು ಕಲಿ ಸಾಕು,” ಅಂದ್ರು. ಮರಳಲ್ಲಿ ಬರೆಸಿದ್ರು. ಮಣ್ಣಲ್ಲಿ ಮಾಡ್ಸಿದ್ರು. ಆಮೇಲೆ ಹಸಿ ಮಣ್ಣಲ್ಲಿ ಆಳವಾಗಿ ‘ಹ’ ಕೊರೆದು, ಚಿಟ್ಟಿ ಕಣ್ಣು ಮುಚ್ಚಿಸಿ, ಆ ಗೆರೆಯೊಳಗೆ ಅದರ ಕೈ ಆಡ್ಸಿದ್ರು. ಹತ್ತು ಸಲ, ಇಪ್ಪತ್ತು ಸಲ.

“ಕೈ ನೋಯ್ತಿದೆ ಟೀಚರ್.”

“ಇನ್ನೊಂದೇ ಒಂದು ಸಲ ನನ್ನ ಬಂಗಾರ.”

ಮರುದಿನ ಬೆಳಿಗ್ಗೆ ಎಲ್ರೂ, ತಾವ್ಯಾರೂ ಹಿಂದೆ ಹೋಗಿರದ ಒಂದು ಕಡೆ, ದಾರಿ ಎರಡಾಗೋ ಜಾಗಕ್ಕೆ ಬಂದ್ರು. ದೊಡ್ಡೋರು ಹಿಂದೆ, ಒಂದು ಬಿದಿರು ಮೆಳೆ ಹತ್ರ ನಿಂತ್ರು. ಅಲ್ಲಿಂದ ಕಲ್ಲುಗಳು ಕಾಣ್ತಿದ್ವು, ಅಕ್ಷರ ಕಾಣ್ತಿರ್ಲಿಲ್ಲ. ಗಂಧರಾಜ ಮಾತ್ರ ಆಗ್ಲೇ ಬಂದು ಕಲ್ಲುಗಳ ಹತ್ರ ಎದೆ ಉಬ್ಬಿಸ್ಕೊಂಡು ನಿಂತಿದ್ದ.

ಮೂರೂ ಮರಿಗಳು ಗಾಳೀಲಿ ಮೂಗೆತ್ತಿದ್ವು. ಬಲಗಡೆ ಕಲ್ಲಿಂದ ಘಮ್ ಅಂತ ಬಂತು.

“ಇಲ್ಲೇ ಇದೆ! ಇದೇ ‘ನ’!” ಅಂತ ದೊಡ್ಡು ಓಡ್ತು. ಗುಡುಗನೂ ಓಡ್ತು. ದೊಡ್ಡು ಕಲ್ಲನ್ನ ತಬ್ಬಿ ನೆಕ್ಕಕ್ಕೇ ಶುರು ಮಾಡ್ತು.

ಚಿಟ್ಟಿನೂ ಹೋಗಿ ಕಲ್ಲಿನ ಮೇಲೆ ಕೈ ಇಡ್ತು. ಬೆರಳು ಕೆತ್ತಿದ ಗೆರೆಯೊಳಗೆ ಇಳೀತು. ಮೇಲಿಂದ ಸುತ್ತಿ, ಕೆಳಗೆ ಬಂದು, ತಿರುಗ್ತು. ಚಿಟ್ಟಿ ಕಣ್ಣು ಮುಚ್ಚಿ ಇನ್ನೊಂದು ಸಲ ಆಡ್ಸಿ ನೋಡ್ತು. ಅದರ ಕಿವಿ ಎರಡೂ ನೆಟ್ಟಗಾದ್ವು.

“ಏ, ಬನ್ರೋ ಈಚೆಗೆ! ಇದು ‘ನ’ ಅಲ್ಲ, ‘ಹ’! ಇದು ಹುಲಿ ದಾರಿ!”

“ಸುಮ್ನಿರೇ ಮೊಲದ ಮರಿ,” ಅಂತ ಗಂಧರಾಜ ಗದರಿದ. “ಮೂರು ದಿನದಲ್ಲಿ ಸರ್‌ಗೇ ಪಾಠ ಹೇಳ್ತೀಯಾ? ಜೇನು ಇಲ್ಲಿದೆ ಅಂದ್ಮೇಲೆ... ಅಂದ್ರೆ, ಅಕ್ಷರ ಇಲ್ಲಿದೆ ಅಂದ್ಮೇಲೆ ಇದೇ ನೀರಿನ ದಾರಿ. ಬೇಕಿದ್ರೆ ನೋಡು, ನಾನೇ ಮುಂದೆ ಹೋಗ್ತೀನಿ!” ಬಾಲ ಎತ್ಕೊಂಡು ಠೀವಿಯಿಂದ ಬಲಗಡೆ ದಾರಿಗೆ ಇಳಿದ.

ಸೂಜಮ್ಮಗೆ ‘ಹ’ ಅನ್ನೋದು ಕಿವಿಗೆ ಬಿದ್ದಿದ್ದೇ ತಡ, ಅಜ್ಜಿ ಮಾತು ಗೀತು ಎಲ್ಲ ಮರೆತು ಓಡಿದ್ರು. ಮುಳ್ಳೆಲ್ಲ ನಿಮಿರಿ ಝಲ್ ಝಲ್ ಅಂತು. ಮರಿಗಳ ಮುಂದೆ ದಾರಿಗೆ ಅಡ್ಡ ನಿಂತ್ರು.

“ಗರ್ರ್ರ್!” ಪೊದೆ ನಡುಗ್ತು.

“ಅಯ್ಯಯ್ಯೋ! ಅಮ್ಮಾ! ಸತ್ತೆ!” ಗಂಧರಾಜ ಬಾಣದ ಹಾಗೆ ಬಂದ. ಸೂಜಮ್ಮನ ತಲೆ ಮೇಲೆ ಹಾರಿ, ಕೈಗೆ ಸಿಕ್ಕ ಮರ ಹತ್ಬಿಟ್ಟ. ಅವನ ಬಾಲ ಮೊದಲಿನಷ್ಟು ಉದ್ದ ಇರ್ಲಿಲ್ಲ. ಹಿಂದೇನೇ ಹುಲಿ ಮುಖ ಕಾಣಿಸ್ತು. ದಾರಿ ತುಂಬ ನಿಂತ ಮುಳ್ಳು ನೋಡ್ತು, ಹಿಂದಿಂದ ಘೀಳಿಡ್ತಾ ಬರೋ ಆನೆ ಅಜ್ಜಿನ ನೋಡ್ತು. ಬೆಳಿಗ್ಗೆ ಬೆಳಿಗ್ಗೆ ಇದೆಲ್ಲ ಯಾಕೆ ಅನ್ನೋ ಹಾಗೆ ತಿರುಗಿ ಹೊರಟೋಯ್ತು.

ಆನೆ ಅಜ್ಜಿ ಸೊಂಡಿಲಿಂದ ಒಂದೊಂದೇ ಮೂತಿ ಮುಟ್ಟಿದ್ರು. ಚಿಟ್ಟಿ ಇದೆ. ಗುಡುಗ ಇದೆ. ದೊಡ್ಡು ಇದೆ, ಇನ್ನೂ ತುಟಿ ನೆಕ್ತಾ ಇದೆ. ಅಬ್ಬಾ! ಅಜ್ಜಿ ಬಿಟ್ಟ ಉಸಿರಿಗೆ ನೆಲದ ಎಲೆಯೆಲ್ಲ ಹಾರಿದ್ವು. ಅಮ್ಮ ಕರಡಿ ಮರೀನ ತಬ್ಕೊಂಡು, “ಟೀಚರಮ್ಮ, ನಿನ್ನೆ ನನ್ನ ಬಾಯಿಗೆ ಮಣ್ಣು ಹಾಕ್ಬೇಕಿತ್ತು ನೀವು,” ಅಂತ ಅತ್ತೇ ಬಿಡ್ತು.

“ಯಾಕೋ ಗಂಧರಾಜ, ‘ಹ’ ಮೇಲೆ ಯಾಕೆ ಹಚ್ಚಿದೆ?” ಅಂತ ಅಜ್ಜಿ ಮರದ ಕಡೆ ನೋಡಿ ಕೇಳಿದ್ರು.

“ಟ್ಯಾಬಲ್ಲಾದ್ರೆ ಚಪ್ಪಾಳೆ ಬರೋವರೆಗೂ ಒತ್ತಿ ನೋಡ್ತಿದ್ದೆ,” ಅಂದ ಅವನು ಮೇಲಿಂದ. “ಕಲ್ಲು ಚಪ್ಪಾಳೆ ಹೊಡೀಲಿಲ್ಲ. ನನಗೂ... ನನಗೂ ಓದಕ್ಕೆ ಬರಲ್ಲ ಅಜ್ಜಿ.”

ಎಲ್ರೂ ಎಡಗಡೆ ದಾರೀಲಿ ಹೋಗಿ ಹೊಟ್ಟೆ ತುಂಬ ನೀರು ಕುಡಿದ್ರು. ಟ್ಯಾಬನ್ನ ಕಲ್ಲಿಗೆ ಕುಕ್ತೀನಿ ಅಂತ ಅಮ್ಮ ಕರಡಿ ಹೊರಡ್ತು. ಸೂಜಮ್ಮ ತಡೆದ್ರು. “ಪಾಪ, ಅದೇನು ಮಾಡ್ತು? ಅದರ ದನಿ ಚೆನ್ನಾಗಿದೆ. ಅದು ಹೇಳ್ಲಿ, ನಮ್ಮ ಮಕ್ಕಳ ಕೈ ಬರೀಲಿ.”

ಮಾರನೇ ದಿನದಿಂದ ಹಾಗೇ ಆಯ್ತು. ಚೆನ್ನಾಗಿ ಒರೆಸಿದ ಟ್ಯಾಬು ‘ನ’ ಅಂತಿತ್ತು, ಮರಿಗಳು ‘ನ’ ಅಂತ ಕೂಗಿ ಮರಳಲ್ಲಿ ಬರೀತಿದ್ವು. ಕೊನೇ ಸಾಲಲ್ಲಿ ಹೊಸ ವಿದ್ಯಾರ್ಥಿ ಒಬ್ಬ, ಮೋಟು ಬಾಲ ಸುತ್ಕೊಂಡು, ಜೇಡಿಮಣ್ಣು ಹೊಸೀತಾ ಕೂತಿದ್ದ. ಹಳೇ ಅಭ್ಯಾಸ, ಅದನ್ನ ಮೆಲ್ಲಗೆ ಮೂಗಿನ ಹತ್ರ ಹಿಡಿದ.

“ಸರ್,” ಅಂತ ದೊಡ್ಡು ಪಿಸುಗುಟ್ತು, “ನೆಕ್ಬೇಡಿ. ನಾನು ನೋಡಾಯ್ತು, ಬರೀ ಮಣ್ಣು.”

ನೀತಿ: ಮೋಸದಿಂದ ಚಪ್ಪಾಳೆ ಸಿಗಬಹುದು, ವಿದ್ಯೆ ಸಿಗಲ್ಲ. ನಿಧಾನ ಆದ್ರೂ ಕೈಯಾರೆ ಮಾಡಿ ಕಲಿತಿದ್ದೇ ಕಷ್ಟಕ್ಕೆ ಆಗೋದು.