ದೊಡ್ಡ ಆಜ್ಞೆಯೂ ಮರಿಸಿದ್ದನ ದೋಸೆಯೂ

ಕೇಳ್ರಪ್ಪಾ ಕೇಳಿ! ಕಂಪ್ಯೂಟರು ಕಬ್ಬಿಣದ ಬೀರುವಿನಷ್ಟು ದಪ್ಪ ಇದ್ದ ಕಾಲ. ಮೈಸೂರಲ್ಲಿ ಪುಟ್ಟಲಿಂಗಮ್ಮ ಅಂತ ಒಬ್ಬಳು ತಾಯಿ, ಅವಳಿಗೆ ಮರಿಸಿದ್ದ ಅಂತ ಒಬ್ಬನೇ ಮಗ. ಬಿ.ಎಸ್ಸಿ. ಪಾಸು, ಬುದ್ಧಿ ನಪಾಸು! ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಹೇಗೋ ಒಂದು ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿ ತಿರುನಾರಾಯಣ ಮೇಷ್ಟ್ರೇ ಯಜಮಾನರು. "ಪರೀಕ್ಷೆ ಫಲಿತಾಂಶ ಹೊರಬೀಳೋವರೆಗೂ ನೋಡ್ತೀನಿ. ಸರಿಹೋದ್ರೆ ಖಾಯಂ, ಇಲ್ದಿದ್ರೆ ಮನೆ" ಅಂದಿದ್ದರು. ಪುಟ್ಟಲಿಂಗಮ್ಮನಿಗೆ ಹಗಲೂ ರಾತ್ರಿ ಅದೇ ಚಿಂತೆ.

ಒಂದು ಬೆಳಿಗ್ಗೆ ತಾಯಿ, "ಮಗಾ, ಹಂಡೆಗೆ ನೀರು ಹುಯ್ಯಿ" ಅಂದಳು. ಹುಯ್ದ, ಹುಯ್ದ, ಹುಯ್ದ. ಹಂಡೆ ತುಂಬಿತು, ಬಚ್ಚಲು ತುಂಬಿತು, ನೀರು ಅಡುಗೆಮನೆಗೇ ಬಂತು!

"ಅಯ್ಯೋ ಪೆದ್ದೇ! ಒಂದೊಂದು ಸಲ ಹುಯ್ದಾಗ್ಲೂ ತುಂಬಿತಾ ಅಂತ ಕೇಳ್ಕೋಬಾರ್ದಾ?"

"ಆಗ್ಲಿ ಕಣವ್ವ, ಇನ್ಮೇಲೆ ಕೇಳ್ತೀನಿ."

ಅವತ್ತು ಕಾಲೇಜಲ್ಲಿ, ಯಂತ್ರದೊಳಗೆ ಪರೀಕ್ಷೆಯ ಅಂಕಗಳನ್ನು ಒಂದು ಸಾಲಿಂದ ಇನ್ನೊಂದು ಸಾಲಿಗೆ ಸಾಗಿಸುವ ಕೆಲಸ. ಮರಿಸಿದ್ದ ಯಂತ್ರಕ್ಕೆ ಬರೆದುಕೊಟ್ಟ: ಒಂದು ಅಂಕ ಎತ್ತು, ಇಡು, 'ತುಂಬಿತಾ?' ಅಂತ ಅಚ್ಚುಹಾಕು, ಮತ್ತೆ ಎತ್ತು. ಯಂತ್ರ ಗಡಗಡ ಶುರುಮಾಡಿತು. ತುಂಬಿತಾ? ತುಂಬಿತಾ? ತುಂಬಿತಾ? ಕಾಗದ ಬಾಗಿಲು ದಾಟಿ ಮೆಟ್ಟಿಲು ಇಳಿಯಿತು.

ಮೇಷ್ಟ್ರು ಹಣೆ ಚಚ್ಚಿಕೊಂಡರು. "ಲೋ ಶತಮೂರ್ಖ! ಒಂದೊಂದೇ ಎತ್ತಿಡೋ ಕರ್ಮ ಯಾಕೋ? ಈ ಯಂತ್ರಕ್ಕೆ ಒಂದು ದೊಡ್ಡ ಆಜ್ಞೆ ಇದೆ. ಒಂದು ಸಲ ಹೇಳಿದ್ರೆ ಇಡೀ ಸಾಲನ್ನ ತಾನೇ ಸಾಗಿಸುತ್ತೆ. ಯಾವ ಕೆಲಸವನ್ನೂ ಒಂದೇ ಏಟಿಗೆ ಮುಗಿಸ್ಬೇಕು!"

"ಆಗ್ಲಿ ಸಾರ್, ಒಂದೇ ಏಟಿಗೆ."

ಮಾರನೇ ದಿನ ತಾಯಿ, "ಮಗಾ, ದೋಸೆ ಹುಯ್ತಾ ಇರು, ಹೂವು ತಂದುಬಿಡ್ತೀನಿ" ಅಂದಳು. ಮರಿಸಿದ್ದ ಹಿಟ್ಟಿನ ಪಾತ್ರೆ ಎತ್ತಿದ, ಕಾವಲಿ ಮೇಲೆ ಬೋರಲು ಹಾಕಿದ. ಚುಂಯ್! ಸದ್ದಿಗೆ ತಾಯಿ ಬಾಗಿಲಿಂದಲೇ ತಿರುಗಿ ಬಂದಳು.

"ಒಂದೇ ಏಟಿಗೆ ಮುಗಿಸ್ದೆ ಕಣವ್ವ!"

"ನಿನ್ನ ಏಟಿಗಿಷ್ಟು ಬೆಂಕಿ ಹಾಕ! ಒಲೇನೇ ಆರಿಹೋಯ್ತಲ್ಲೋ! ಸೌಟು ಸೌಟಾಗಿ ಹುಯ್ಯಬೇಕು ಕಣೋ. ಹುಯ್ಯಿ, ತಿರುವು, ತೆಗಿ. ಪಾತ್ರೆ ತಳ ಕಂಡಾಗ ನಿಲ್ಸು. ಮಧ್ಯೆ ತುಂಬಿತಾ ಗಿಂಬಿತಾ ಅಂತ ವಿಚಾರಣೆ ಬೇಡ!"

"ಆಗ್ಲಿ ಕಣವ್ವ."

ಫಲಿತಾಂಶದ ದಿನ ಬಂತು. ಹೊರಗೆ ಹುಡುಗರು, ಹುಡುಗಿಯರು, ಅವರ ಅಪ್ಪಂದಿರು, ಬರೀ ಗದ್ದಲ. ಮೇಷ್ಟ್ರು ದೊಡ್ಡ ಆಜ್ಞೆ ಕೊಟ್ಟು ಕೂತಿದ್ದರು. ಯಂತ್ರ ಮಾತ್ರ ಏರು ಹತ್ತುವ ಎತ್ತಿನ ಗಾಡಿಯ ಹಾಗೆ ತೆವಳುತ್ತಿತ್ತು. ಪ್ರಿನ್ಸಿಪಾಲರು ಕರೆಸಿದರು. "ಬೇಗ ಆಗೋ ಹಾಗೆ ಏನಾದ್ರೂ ಮಾಡೋ!" ಅಂತ ಮೇಷ್ಟ್ರು ಓಡಿದರು.

ಏನಾದ್ರೂ ಮಾಡು ಅಂದಮೇಲೆ ಮರಿಸಿದ್ದ ಬಿಟ್ಟಾನೆಯೇ? ದೊಡ್ಡ ಆಜ್ಞೆ ಕಿತ್ತೇ ಹಾಕಿದ. ದೋಸೆ ಹುಯ್ಯೋ ಹಾಗೇ ಯಂತ್ರಕ್ಕೆ ಬರೆದುಕೊಟ್ಟ: ಎತ್ತು, ಇಡು, ಮುಂದಕ್ಕೆ ಹೋಗು. ಸಾಲಿನ ತಳ ಕಂಡಾಗ ನಿಲ್ಲು.

ಮೇಷ್ಟ್ರು ವಾಪಸು ಬಂದು ನೋಡಿ, "ಕೆಡಿಸಿದೆಯಲ್ಲೋ ಪಾಪಿ!" ಅಂತ ಕೈ ಎತ್ತಿದರು. ಎತ್ತಿದ ಕೈ ಇಳಿಸುವಷ್ಟರಲ್ಲಿ ಕೆಲಸ ಮುಗಿದಿತ್ತು! ಅವರಿಗೆ ನಗು ಬಂತು. "ಈಗ ಗೊತ್ತಾಯ್ತು, ದೊಡ್ಡ ಆಜ್ಞೆ ಒಂದೊಂದು ಅಂಕಕ್ಕೂ ಒಳಗೊಳಗೇ ಸರಿ ಇದ್ಯಾ, ಮುಗೀತಾ ಅಂತ ಹತ್ತು ವಿಚಾರಣೆ ಮಾಡುತ್ತೆ. ನಿನ್ನ ಪುಟ್ಟ ಆಜ್ಞೆಗಳು ನೇರ ಓಡಿದ್ವು. ಯಾರೋ ಹೇಳ್ಕೊಟ್ಟೋರು?"

"ನಮ್ಮವ್ವ ಸಾರ್, ದೋಸೆ ಹುಯ್ಯೋಕೆ."

"ನೀನು ಖಾಯಂ ಕಣೋ! ಹೋಗು, ಲಾಡು ತಗೊಂಡು ಹೋಗಿ, ನಿಮ್ಮವ್ವಂಗೆ ಸಾಕು ಅನ್ನೋವರೆಗೂ ತಿನ್ನಿಸು!"

ಮರಿಸಿದ್ದ ಓಡಿದ. "ಖಾಯಂ ಆಯ್ತು ಕಣವ್ವ!" ತಾಯಿ ಸಂತೋಷಕ್ಕೆ ಬಾಯಿ ತೆರೆದಳು. ಒಂದು ಲಾಡು ಇಟ್ಟ. ಸಾಕು ಅನ್ನುವಷ್ಟರಲ್ಲಿ ಇನ್ನೊಂದು ಇಟ್ಟ. ಬಾಯಿ ತುಂಬಿ ಮಾತೇ ಹೊರಡದು! ಪುಟ್ಟಲಿಂಗಮ್ಮ ಕಣ್ಣಲ್ಲಿ ಆನಂದದ ನೀರು ಸುರಿಸುತ್ತಾ ಎರಡು ಕೈಯಲ್ಲೂ ಮಗನ ತಲೆಗೆ ಮೊಟಕಿದಳು.

"ಸಾಕು ಅಂತಾನೇ ಇಲ್ವಲ್ಲ, ಅಷ್ಟು ಖುಷೀನಾ ಅವ್ವಾ!" ಅಂತ ಮರಿಸಿದ್ದ ಮೂರನೆಯದನ್ನೂ ತುರುಕಿದ.